ಮರಿಮಲ್ಲಪ್ಪ ಹಾಕಿದ ಜಾಯಿಂಟು

ಗಂಡನ ಹೆಸರು ಬಾಯಿಬಿಟ್ಟು ಹೇಳಬಾರದು ಅಂತ ನಮ್ಮವ್ವ ಕಲಿಸಿದ್ದಳು. ಈ ವಿಷಯದಲ್ಲಿ ಮಾತ್ರ ಹೇಳಿಯೇ ತೀರುತ್ತೇನೆ. ಮರಿಮಲ್ಲಪ್ಪ. ಗುಂಡ್ಲುಪೇಟೆಯಲ್ಲಿ ಊಟಿ ರಸ್ತೆಯ ಪಕ್ಕ ಮೋಟಾರು ರಿವೈಂಡಿಂಗ್ ಅಂಗಡಿ ಇಟ್ಟಿದ್ದ ಮರಿಮಲ್ಲಪ್ಪ. ತೊಂಬತ್ತಾರನೇ ಇಸವಿಯ ಹೊತ್ತಿಗೆ ಸುತ್ತಿನ ಊರುಗಳಲ್ಲಿ ಯಾರ ಪಂಪ್‌ಸೆಟ್ ಸುಟ್ಟುಹೋದರೂ ಜನ ಇವರನ್ನೇ ಹುಡುಕಿಕೊಂಡು ಬರುತ್ತಿದ್ದರು. ಕೆಲಸಗಾರರೇನೋ ಹೌದು, ಇಲ್ಲ ಅನ್ನುವುದಿಲ್ಲ. ಆದರೆ ಆ ಜಂಬವೋ, ಅಬ್ಬಬ್ಬಾ! ‘ತಪ್ಪಾಯಿತು’ ಅನ್ನುವ ಮಾತು ಆ ಬಾಯಲ್ಲಿ ಹುಟ್ಟಿದ್ದನ್ನು ಮದುವೆಯಾದಾಗಿನಿಂದ ನಾನು ಕೇಳಿರಲಿಲ್ಲ.

ಹಂಗಳದಾಚೆ ಕಾಡಿನ ಅಂಚಿನಲ್ಲಿ ಮೈಸೂರಿನ ಸಾಹುಕಾರರೊಬ್ಬರು ಪ್ರವಾಸಿಗಳಿಗೆಂದು ಲಾಡ್ಜು ಕಟ್ಟಿಸಿದರು. ಅದರ ಕೈತೋಟದ ದಾರಿಯುದ್ದಕ್ಕೂ ಮೊಣಕಾಲೆತ್ತರದ ಪುಟ್ಟ ದೀಪಗಳು. ಕರೆಂಟು ಒಂದು ಪೆಟ್ಟಿಗೆಯೊಳಗೆ ಹೋಗಿ ಹನ್ನೆರಡು ವೋಲ್ಟಿಗೆ ಇಳಿದು, ಮಣ್ಣಲ್ಲಿ ಹೂತ ವೈರಿನಲ್ಲಿ ದೀಪದಿಂದ ದೀಪಕ್ಕೆ ಹೋಗುತ್ತಿತ್ತು. ಬರಿಗೈಯಲ್ಲಿ ಮುಟ್ಟಿದರೂ ಶಾಕ್ ಹೊಡೆಯದು. ವೈರೆಳೆದವರು ನಮ್ಮವರೇ. “ಇದೂ ಒಂದ್ ಕರೆಂಟಾ? ಮಕ್ಕಳಾಟ ಕಣೆ” ಅಂತ ಮನೆಗೆ ಬಂದು ನಕ್ಕಿದ್ದರು. ಅಲ್ಲಿನ ತೋಟದ ಕೆಲಸಕ್ಕೆ ಗುರುಮಲ್ಲಕ್ಕನನ್ನು ಸೇರಿಸಿದವರೂ ಇವರೇ, ಅದೂ ನನ್ನ ಮಾತಿನ ಮೇಲೆ. ಗುರುಮಲ್ಲಕ್ಕ ನನ್ನ ತವರು ಹಂಗಳದವಳು, ನಮ್ಮ ಬೀದಿಯವಳೇ. ಗಂಡ ತೀರಿಕೊಂಡಿದ್ದ, ಮಗಳು ಮತ್ತು ಮೊಮ್ಮಗ ಅವಳ ಜೊತೆಗಿದ್ದರು.

ಮಳೆಗಾಲ ಕಳೆಯುವ ಹೊತ್ತಿಗೆ ದೀಪಗಳು ಕಾಟ ಕೊಡತೊಡಗಿದವು. ಪೆಟ್ಟಿಗೆಯ ಹತ್ತಿರದವು ಚೆನ್ನಾಗಿ ಉರಿದರೆ ದೂರದವು ಮಿಣುಕು ಮಿಣುಕು. ಗಿಡಕ್ಕೆ ನೀರು ಬಿಟ್ಟ ದಿನವಂತೂ ಕೊನೆಯ ಸಾಲು ಹತ್ತುತ್ತಲೇ ಇರಲಿಲ್ಲ. ಇವರು ಬಲ್ಬು ಬದಲಿಸಿದರು, ಫ್ಯೂಸ್ ಬದಲಿಸಿದರು, ಪೆಟ್ಟಿಗೆ ಬಿಚ್ಚಿ ನೋಡಿದರು. ಮಾರನೆಯ ದಿನ ಮತ್ತೆ ಅದೇ ರಾಗ, ಅದೇ ಹಾಡು. ಕೊನೆಗೊಂದು ದಿನ ಸಾಹುಕಾರರು ಬಂದ ಅತಿಥಿಗಳ ಮುಂದೆಯೇ, “ಏನ್ರೀ, ನಿಮಗೆ ಕೆಲಸ ಬರುತ್ತೋ ಇಲ್ವೋ?” ಅಂದುಬಿಟ್ಟರು.

ಅಲ್ಲೇ ಗುರುಮಲ್ಲಕ್ಕ ಗುದ್ದಲಿ ಹಿಡಿದು ಹೂವಿನ ಪಾತಿ ಕೆದಕುತ್ತಿದ್ದಳು. “ಇವಳ ಗುದ್ದಲಿ ತಾಕಿ ವೈರು ಕಡಿದಿದೆ ಸಾರ್, ಮಣ್ಣು ಮುಚ್ಚಿ ಸುಮ್ಮನಿದ್ದಾಳೆ” ಅಂದರು ನಮ್ಮ ಮಹಾನುಭಾವರು. ಅಗೆದು ನೋಡಿದ್ದರೇ? ಇಲ್ಲ. ಬಾಯಿಗೆ ಬಂದದ್ದನ್ನು ಅಂದುಬಿಟ್ಟರು.

“ಇಲ್ಲ ಕಣಪ್ಪ, ನಾ ಏಟಾಕಿಲ್ಲ. ಆಕಿದ್ರೆ ಯೋಳ್ತಿರ್ನಿಲ್ವಾ?” ಅಂದಳು ಗುರುಮಲ್ಲಕ್ಕ.

“ಅಂಗಾದ್ರೆ ಮಾದಪ್ಪನ ಮೇಲೆ ಆಣೆ ಮಾಡ್ಬುಡು” ಅಂದರು ಇವರು.

ನಮ್ಮ ಕಡೆ ಬೆಟ್ಟದ ದೇವರು ಮಾದಪ್ಪನ ಆಣೆ ಸಣ್ಣ ಮಾತಲ್ಲ. ಉರಿಯುವ ಕರ್ಪೂರವನ್ನು ಅಂಗೈಯಿಂದ ಆರಿಸಿ ಆಣೆಯಿಟ್ಟಮೇಲೆ ಅದು ಸುಳ್ಳಾದರೆ ಮನೆಯ ಕುಡಿಗೇ ತಟ್ಟುತ್ತದೆ ಅನ್ನುವ ಭಯ. ಅಡುಗೆಯವನು ಕರ್ಪೂರ ತಂದುಕೊಟ್ಟ. ವಾಚ್‌ಮನ್ನು, ಕಸ ಗುಡಿಸುವವರು ಎಲ್ಲ ಸುತ್ತ ನಿಂತು ನೋಡಿದರು. ಗುರುಮಲ್ಲಕ್ಕ ಮಾದಪ್ಪನ ಹೆಸರು ಹೇಳಿ, ಮೊಮ್ಮಗನ ಹೆಸರು ಹೇಳಿ ಕರ್ಪೂರ ಆರಿಸಿದಳು. ಆಮೇಲೆ ಗುದ್ದಲಿಯನ್ನು ಗೋಡೆಗೊರಗಿಸಿ ಮನೆಗೆ ಹೋದವಳು ಮತ್ತೆ ಆ ಕಡೆ ಬರಲಿಲ್ಲ.

ಅವಳು ಹೋದಳು, ದೀಪದ ಕಾಯಿಲೆ ಹೋಗಲಿಲ್ಲ. ತಿಂಗಳು ಕಳೆದ ಮೇಲೆ ಇವರಿಗೆ ಬುದ್ಧಿ ಬಂತು. ಮೀಟರು ಹಿಡಿದು ಪೆಟ್ಟಿಗೆಯಿಂದ ಹೊರಟು ಒಂದೊಂದೇ ದೀಪದ ಬುಡದಲ್ಲಿ ಅಳೆಯುತ್ತ ಹೋದರು. ಮೊದಲೇ ಮಾಡಬೇಕಾಗಿದ್ದ ಕೆಲಸ! ಪೆಟ್ಟಿಗೆಯಲ್ಲಿ ಹನ್ನೆರಡು ಪೂರ್ತಿ ಇತ್ತು. ದಾರಿಯ ನಡುವಿನ ನೀರಿನ ನಲ್ಲಿಯ ತನಕ ಚೂರು ಚೂರೇ ಇಳಿದದ್ದು, ನಲ್ಲಿ ದಾಟಿದೊಡನೆ ಏಳಕ್ಕೆ ಬಿತ್ತು. ನಲ್ಲಿಯ ಈಚೆ ಆಚೆಯ ಎರಡು ದೀಪಗಳ ನಡುವೆ ಅಗೆದರೆ ಹಾಲಿನ ಕವರು ಸುತ್ತಿದ ಜಾಯಿಂಟು ಸಿಕ್ಕಿತು. ಒಳಗೆ ನೀರು ಸೇರಿ ತಾಮ್ರ ಹಸಿರಾಗಿ, ಎಳೆಗಳು ಮುಟ್ಟಿದರೆ ಉದುರುತ್ತಿದ್ದವು. ಗುದ್ದಲಿಯ ಗಾಯ ಎಲ್ಲೂ ಇರಲಿಲ್ಲ.

ಆ ಜಾಯಿಂಟು ಹಾಕಿದವರು ಇನ್ಯಾರು? ಪಂಪ್‌ಸೆಟ್ಟಿನ ವೈರಾದರೆ ಬೆಸುಗೆ ಹಾಕಿ, ನೀರು ಇಳಿಯದಂತೆ ಭದ್ರಮಾಡಿ, ಎರಡೆರಡು ಸಲ ನೋಡುವ ಮನುಷ್ಯ. ಇಲ್ಲಿ ಶಾಕ್ ಹೊಡೆಯುವುದಿಲ್ಲವಲ್ಲ ಅನ್ನುವ ಸಸಾರ. ಬರೀ ತಿರುಚಿ, ಟೇಪು ಸುತ್ತಿ, ಹಾಲಿನ ಕವರು ಕಟ್ಟಿ ಹೂತಿದ್ದರು. ಹನ್ನೆರಡೇ ವೋಲ್ಟು ಇರುವ ಕಡೆ ನಡುವೆ ಒಂದು ಜಾಯಿಂಟು ಕೆಟ್ಟರೂ ಮುಂದಿನ ದೀಪಗಳಿಗೆಲ್ಲ ಉಪವಾಸ ಅನ್ನುವುದು ಆವತ್ತು ತಿಳಿಯಿತಂತೆ.

ಆ ಸಂಜೆ ಮನೆಗೆ ಬಂದವರು ತಟ್ಟೆಯ ಮುಂದೆ ಕೂತೇ ಇದ್ದರು. ಮುದ್ದೆ ಆರಿತು. ಏನಾಯ್ತು ಅಂದರೆ ಜೇಬಿನಿಂದ ಆ ಕೊಳೆತ ವೈರಿನ ತುಂಡು ತೆಗೆದು ನೆಲದ ಮೇಲಿಟ್ಟು, ಕರ್ಪೂರ ಆರಿಸಿದ್ದರಿಂದ ಹಿಡಿದು ಎಲ್ಲವನ್ನೂ ಹೇಳಿದರು. ನಾನು ಮೊದಲ ಸಲ ಕೇಳಿದ್ದೇ ಆಗ.

“ಸಾಹುಕಾರ್ರಿಗೆ ಏನಂದ್ರಿ?”

“ಇಲಿ ಕಡ್ದಿತ್ತು ಅಂದ್ಬುಟ್ಟೆ.”

“ಥೂ! ಆ ಇಲಿ ಕೈಲೂ ಕರ್ಪೂರ ಆರಿಸ್ಬೇಕಿತ್ತು! ನಾ ತವರ ಬೀದೀಲಿ ಎಂಗ್ ತಲೆಯೆತ್ಲಿ?” ಗಂಡನಿಗೆ ಥೂ ಅಂದದ್ದು ಅದೇ ಮೊದಲು.

ತಿರುಗಿ ರೇಗುತ್ತಾರೆ ಅಂದುಕೊಂಡಿದ್ದೆ. “ನಾಚ್ಕೆಯಾಯ್ತು ಕಣೆ. ಅದ್ಕೇ ಇಲಿ ಅಂದೆ” ಅಂದರು, ಅಷ್ಟೇ. ನನ್ನ ಕೋಪ ಎಲ್ಲೋ ಇಳಿದುಹೋಯಿತು. ನಾಚಿಕೆ ಮಾತ್ರ ಇಬ್ಬರಿಗೂ ಉಳಿಯಿತು.

ಬೆಳಿಗ್ಗೆ ಇಬ್ಬರೂ ಬಸ್ಸು ಹತ್ತಿದೆವು. ಮೊದಲು ಲಾಡ್ಜಿಗೆ ಹೋದೆವು. ಆಣೆ ನೋಡಿದವರನ್ನೆಲ್ಲ ನಾನೇ ಕರೆದು ನಿಲ್ಲಿಸಿದೆ. ಇವರು ನೆಲ ನೋಡಿಕೊಂಡು, “ಇಲಿಯೂ ಅಲ್ಲ, ಗುರುಮಲ್ಲಕ್ಕನೂ ಅಲ್ಲ, ತಪ್ಪು ನಂದು” ಅಂದರು. ಸಾಹುಕಾರರು, “ಹೋಗ್ಲಿ ಬಿಡ್ರಿ, ಈಗ ದೀಪ ಉರೀತಿದೆಯಲ್ಲ” ಅಂತ ಒಳಗೆ ಹೋದರು. ಅಡುಗೆಯವನು ನಕ್ಕ. ಅವರಿಗೆ ಅದು ಅಷ್ಟೇ ಆಗಿತ್ತು.

ಹಂಗಳದಲ್ಲಿ ಗುರುಮಲ್ಲಕ್ಕ ಜಗಲಿಯ ಮೇಲೆ ಕೂತು ಹುರುಳಿ ಕೇರುತ್ತಿದ್ದಳು. ತಲೆತುಂಬ ಸೆರಗು. ನನ್ನನ್ನು ಕಂಡು ಎದ್ದಳು, ಸೆರಗು ಜಾರಿತು. ತಲೆ ಬೋಳಾಗಿತ್ತು.

“ಅಯ್ಯೋ, ಇದೇನಕ್ಕ?”

“ತಪ್ಪುಕಾಣಿಕೆ ಕಣಮ್ಮಿ. ಆಣೆ ಮಾಡ್ಬಂದ್ ವಾರಕ್ಕೇ ಕೂಸ್ಗೆ ಜರ ಬಂದ್ಬುಡ್ತು, ಇಳೀನೇ ಇಲ್ಲ. ನಿನ್ ಗಂಡ ಕರೆಂಟ್ ಬಲ್ಲೋನು. ಅವನೇ ಏಟಾಕಿದ್ದೀಯ ಅಂದ್ಮೇಲೆ ನಂಗ್ ಗೊತ್ತಿಲ್ದಂಗೆ ಏಟ್ ಬಿದ್ದಿರ್ಬೇಕು, ಸುಳ್ಳಾಣೆ ಮಾಡ್ಬುಟ್ಟೆ ಅಂತ ಮಾದಪ್ಪನ ಬೆಟ್ಟಕ್ಕೋಗಿ ಮುಡಿ ಕೊಟ್ಬಂದೆ. ಈಗ ಕೂಸು ವಾಸಿ.”

ಇವರು ಜಗಲಿ ಹತ್ತದೆ ಕೆಳಗೇ ನಿಂತಿದ್ದರು. ವೈರಿನ ತುಂಡನ್ನು ಅವಳ ಮುಂದಿಟ್ಟು, “ನೀನ್ ಏಟಾಕಿಲ್ಲ ಗುರುಮಲ್ಲಕ್ಕ. ನಾ ಆಕಿದ್ ಜಾಯಿಂಟೇ ಕೊಳ್ತೋಗಿತ್ತು. ತಪ್ಪಾಯ್ತು” ಅಂದರು.

ಬಯ್ಯಲಿ, ಮೊರದಲ್ಲೇ ನಾಲ್ಕು ಹಾಕಲಿ ಅಂತ ನಾನು ಕಾದೆ. ಗುರುಮಲ್ಲಕ್ಕ ತುಂಡನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು.

“ಅಂಗಾರೆ ನಂದು ಸುಳ್ಳಾಣೆ ಅಲ್ವಾ?”

“ಅಲ್ಲಕ್ಕ.”

“ನಿಜ್ವಾಗ್ಲೂ?”

“ಮಾದಪ್ಪನಾಣೆಗೂ ಅಲ್ಲ.”

ಅವಳ ಕಣ್ಣಲ್ಲಿ ನೀರು ತುಂಬಿಕೊಂಡಿತು. “ಉಳಿಸ್ದೆ ಕಣಪ್ಪ. ನೀ ಬಂದ್ ಯೋಳ್ದೆ ಓಗಿದ್ರೆ ಸಾಯೋಗಂಟ ನಾನ್ ಸುಳ್ಳಿ ಅನ್ಕಂಡೇ ಇರ್ತಿದ್ದೆ” ಅಂದವಳು, ಆ ಬೋಳು ತಲೆ ಬಗ್ಗಿಸಿ ನನ್ನ ಗಂಡನಿಗೇ ಕೈಮುಗಿದಳು. ಅವಳ ಮುಖ ನೋಡುವುದು ನಮ್ಮಿಬ್ಬರಿಗೂ ಆಗಲಿಲ್ಲ.