ನಿಗಾರಳ ತೆರೆದ ಗ್ಯಾರೇಜು

೨೦೦೪ರ ಬೇಸಿಗೆಯಲ್ಲಿ ಲಾಸ್ ಏಂಜಲೀಸಿನ ದಕ್ಷಿಣಕ್ಕಿರುವ ಕಾರ್ಮೆಲ್ ವ್ಯಾಲಿಯ ನಿಗಾರಳು ಅರೆಬರೆ ವಿಮಾನವೊಂದನ್ನು ಕೊಂಡು ತಂದಳು. ಆಗ ಆಕೆಗೆ ಐವತ್ತೊಂದು. ಬಿಡಿಭಾಗಗಳನ್ನು ತರಿಸಿ ಮನೆಯಲ್ಲೇ ಜೋಡಿಸುವ ಎರಡು ಸೀಟಿನ ವಿಮಾನವದು. ಹತ್ತಿರದ ಊರು ಕಾರ್ಲ್ಸ್‌ಬಾಡಿನ ಮುದುಕರೊಬ್ಬರು ಬಾಲವನ್ನೂ ಒಂದು ರೆಕ್ಕೆಯನ್ನೂ ಮುಗಿಸಿ, ಸಾಕಾಗಿ ಕೈಬಿಟ್ಟಿದ್ದರು.

ನಿಗಾರಳ ತಂದೆ ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ತಗಡಿನ ಟ್ರಂಕು ಮಾಡುತ್ತಿದ್ದವರು. ತಗಡಿಗೆ ತಗಡು ಕೂಡಿಸುವ ಮೊಳೆಯಾದ ರಿವೆಟ್ಟನ್ನು ಕಣ್ಣಿನಿಂದಲ್ಲ, ಹೆಬ್ಬೆರಳಿನಿಂದ ಪರೀಕ್ಷಿಸಬೇಕೆಂದು ಮಗಳಿಗೆ ಕಲಿಸಿದ್ದರು. ಆಕೆ ಮುದುಕರ ರೆಕ್ಕೆಯ ಮೇಲೆ ಹೆಬ್ಬೆರಳಾಡಿಸಿ, ಸೊಟ್ಟಗಿದ್ದ ನಲವತ್ತು ರಿವೆಟ್ಟುಗಳನ್ನು ಕೊರೆದು ತೆಗೆದಳು.

ಗಂಡ ಜಾಫರನಿಗೆ ಎದೆಯಲ್ಲಿ ಅವಲಕ್ಕಿ ಕುಟ್ಟಿದಂತಾಯಿತು. ನ್ಯೂಯಾರ್ಕಿನ ಗೋಪುರಗಳು ವಿಮಾನ ಬಡಿದು ಬಿದ್ದು ಇನ್ನೂ ಮೂರು ವರ್ಷ ತುಂಬಿರಲಿಲ್ಲ.

“ನಮ್ಮ ಹೆಸರಿಟ್ಕೊಂಡು ವಿಮಾನ ಕಟ್ಟೋದಾ? ಹುಲಿ ಬಾಯಿಗೆ ತಲೆ ಕೊಟ್ಟಂಗೆ” ಎಂದ.

ಕೊನೆಗೆ ಒಂದು ಷರತ್ತಿನ ಮೇಲೆ ಒಪ್ಪಿದ: ಗ್ಯಾರೇಜಿನ ಬಾಗಿಲು ಮುಚ್ಚಿರಬೇಕು.

ರಿವೆಟ್ಟಿಗೆ ಇಬ್ಬರು ಬೇಕು. ಒಬ್ಬರು ಈಚೆಯಿಂದ ಗಾಳಿಯ ಒತ್ತಡದಿಂದ ಬಡಿಯುವ ಸುತ್ತಿಗೆಯಲ್ಲಿ ಹೊಡೆದರೆ, ಇನ್ನೊಬ್ಬರು ಆಚೆಯಿಂದ ಕಬ್ಬಿಣದ ತುಂಡನ್ನು ಒತ್ತಿ ಹಿಡಿಯಬೇಕು. ಕಬ್ಬಿಣ ಹಿಡಿಯುತ್ತಿದ್ದವನು ಜಾಫರನೇ. ಮುಚ್ಚಿದ ಗ್ಯಾರೇಜಿನಲ್ಲಿ ಇಬ್ಬರೂ ಬೆವರಿನಲ್ಲಿ ತೊಯ್ದು ಹೋಗುತ್ತಿದ್ದರು.

ಒಂದು ಶನಿವಾರ ಮಧ್ಯಾಹ್ನ ಪೊಲೀಸರು ಬಂದರು. ಒಳಗಿನ ತಟತಟ ಸದ್ದನ್ನು ಯಾರೋ ಗುಂಡಿನ ಸದ್ದೆಂದು ತಿಳಿದು ಫೋನ್ ಮಾಡಿದ್ದರು. ನಿಗಾರಳು ಗುಂಡಿ ಒತ್ತಿ ಬಾಗಿಲೆತ್ತಿದಳು. ಪೊಲೀಸರು ರೆಕ್ಕೆಯನ್ನೂ ಕಾಗದಪತ್ರಗಳನ್ನೂ ನೋಡಿ, ನಕ್ಕು ಹೊರಟುಹೋದರು. ಬೀದಿಯ ಅರ್ಧ ಜನ ಹುಲ್ಲಿನ ಮೇಲೆ ನಿಂತು ನೋಡುತ್ತಿದ್ದರು.

ಲಾಸ್ ಏಂಜಲೀಸಿನಲ್ಲಿ ವಿಮಾನ ಕೊಳ್ಳುವವರಿದ್ದಾರೆ, ಮಾರಿಬಿಡೋಣ ಎಂದು ಜಾಫರ್ ಬಾಗಿಲಿಳಿಸಲು ಹೋದ. ನಿಗಾರಳು ಗುಂಡಿಗೆ ಅಡ್ಡವಾಗಿ ನಿಂತಳು.

“ಬಾಗಿಲು ಮುಚ್ಚಿದ್ದಕ್ಕೇ ಅವರಿಗೆ ಅದು ಗುಂಡಿನ ಸದ್ದಾಯ್ತು. ಕದ್ದು ಮಾಡೋ ಕೆಲಸ ನಮ್ಮಪ್ಪ ಕಲಿಸಿಲ್ಲ. ಇನ್ನು ಇದು ಮುಚ್ಚಲ್ಲ.”

“ಹಾಗಾದ್ರೆ ನಾನು ಕಬ್ಬಿಣ ಹಿಡಿಯಲ್ಲ.”

“ಬಿಡಿ.”

ಸಂಜೆ ಎದುರುಮನೆಗೆ ಹೊಸದಾಗಿ ಬಂದಿದ್ದ ಬೆಂಗಳೂರಿನ ಕುಮುದಾ ಗ್ಯಾರೇಜಿಗೆ ಬಂದಳು. ಮುಖ ಸಣ್ಣದಾಗಿತ್ತು.

“ಫೋನ್ ಮಾಡಿದ್ದು ನಾನೇ, ಆಂಟಿ. ಯಾರ ಮನೆ ಅಂತ ಗೊತ್ತಿರಲಿಲ್ಲ.”

“ಗೊತ್ತಿದ್ದಿದ್ರೆ?” ಎಂದಳು ನಿಗಾರ್.

ಕುಮುದಾ ನೆಲಕ್ಕೆ ಬಿದ್ದಿದ್ದ ರಿವೆಟ್ಟೊಂದನ್ನು ಎತ್ತಿ ಕೊಟ್ಟಳು.

“ಸರಿ, ನಾಳೆ ಹತ್ತಕ್ಕೆ ಬಾ. ಕಬ್ಬಿಣ ಹಿಡಿಯೋರು ಬೇಕು.”

ಭಾನುವಾರ ಬಾಗಿಲು ಹಾರುಹೊಡೆದಿತ್ತು. ನಾಯಿ ಹಿಡಿದು ನಡೆಯುವವರು ನಿಂತು ನೋಡಿದರು. ನಿಗಾರಳು ಅವರತ್ತ ತಿರುಗಲಿಲ್ಲ. ಕುಮುದಾ ಹಿಡಿದ ಕಬ್ಬಿಣ ಜಾರಿತು. ಮೊದಲ ರಿವೆಟ್ಟು ವಾಲಿತು, ಎರಡನೆಯದು ಚಪ್ಪಟೆಯಾಯಿತು. ಕಿಟಕಿಯ ಪರದೆ ಎಳೆದು ಅಡುಗೆಮನೆಯಲ್ಲಿ ಕುಳಿತಿದ್ದ ಜಾಫರನಿಗೆ ಏನೂ ಕಾಣುತ್ತಿರಲಿಲ್ಲ, ಎಲ್ಲವೂ ಕೇಳುತ್ತಿತ್ತು. ಸರಿಯಾಗಿ ಕೂತ ರಿವೆಟ್ಟಿನ ಸದ್ದು ಬೇರೆ, ಕೆಟ್ಟದ್ದರ ಸದ್ದು ಬೇರೆ. ತಿಂಗಳುಗಟ್ಟಲೆ ಹಿಡಿದವನ ಕಿವಿಗೆ ಅದು ಗೊತ್ತು. ಮೂರನೆಯದೂ ಕೆಟ್ಟಿತು. ನಾಲ್ಕನೆಯದಕ್ಕೆ ಆತ ತಡೆಯಲಾರದೆ ಎದ್ದು ಬಂದ.

“ಕೊಡಮ್ಮ ಇಲ್ಲಿ. ರೆಕ್ಕೆ ಹಾಳಾಗುತ್ತೆ” ಎಂದು ಕಬ್ಬಿಣ ತೆಗೆದುಕೊಂಡ.

ಕಬ್ಬಿಣ ಒತ್ತಿ ಹಿಡಿಯಬೇಕಾದರೆ ಬೀದಿಗೆ ಮುಖ ಮಾಡಿಯೇ ನಿಲ್ಲಬೇಕಿತ್ತು. ಜಾಫರ್ ನಿಂತ. ಎದುರಿನ ಹುಲ್ಲಿನ ಮೇಲೆ ಮೂವರು ನೆರೆಯವರು ಕೈಕಟ್ಟಿಕೊಂಡು ನೋಡುತ್ತಿದ್ದರು. ಅವನೂ ಅವರನ್ನು ನೋಡಿದ.

“ಹೊಡಿ” ಎಂದ ಹೆಂಡತಿಗೆ.