ಆಚಾರ್ಯರು ಚೆಲ್ಲಿಸಿದ ಪಾನಕ

ಹೋಟೆಲು ತಪಾಸಣೆಗೆ ಹೊರಟರೆ ನಮ್ಮ ರಾಘವಾಚಾರ್ಯರು ಮುಂಬಾಗಿಲಿನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಸೀದಾ ಹಿತ್ತಲಿಗೆ ಹೋಗಿ, ಪಾತ್ರೆ ತೊಳೆಯುವ ಜಾಗದಲ್ಲಿ ಕುಕ್ಕರಗಾಲಲ್ಲಿ ಕೂತು, ಇಡ್ಲಿ ಬಟ್ಟೆಯನ್ನು ಮೂಗಿಗೆ ಹಿಡಿಯುತ್ತಿದ್ದರು. ಹಣೆಯಲ್ಲಿ ಅಂಗಾರ ಅಕ್ಷತೆ, ಮೈಮೇಲೆ ಬಣ್ಣ ಹೋದ ಕೋಟು. "ಮುಂದೆ ಕಾಣೋದು ಅಲಂಕಾರ ಕಣ್ಣಾ, ಹಿಂದೆ ಕಾಣೋದೇ ಹೋಟೆಲು" ಎನ್ನುವರು. ಮೂರು ತಲೆಮಾರಿನಿಂದ ಮದರಾಸಿನಲ್ಲಿದ್ದ ಮನೆತನ. ಅವರ ಕನ್ನಡದಲ್ಲಿ ತಮಿಳು ಧಾರಾಳವಾಗಿ ಓಡಾಡಿಕೊಂಡಿತ್ತು.

ಐವತ್ತರ ದಶಕದ ಕೊನೆಗೆ ನಾನು ಅವರ ಕೈಕೆಳಗೆ ಆಹಾರ ಇನ್‌ಸ್ಪೆಕ್ಟರಾಗಿ ಸೇರಿದೆ. ಪುರಸೈವಾಕ್ಕಂನಲ್ಲಿ ಹೋಟೆಲು ಇಟ್ಟಿದ್ದ ನನ್ನ ಸೋದರಮಾವನಿಗೆ ಅದೇ ದೊಡ್ಡ ಅವಮಾನ. "ನಮ್ಮವರ ಅಡಿಗೆಮನೆಗೆ ಮೂಗು ತೂರಿಸುದು ಒಂದು ಕೆಲ್ಸವಾ ಮಾರಾಯ? ಬ್ಯಾಂಕಿಗೆ ಸೇರು" ಎಂದು ಸಿಕ್ಕಾಗಲೆಲ್ಲ ಕುಟುಕುತ್ತಿದ್ದ. ಉಡುಪಿ ಕಡೆಯ ಹೋಟೆಲಿನವರೆಲ್ಲ ನನ್ನನ್ನು ಕಂಡರೆ ಮಾತು ನಿಲ್ಲಿಸುತ್ತಿದ್ದರು. ನನಗೂ ಸಾಕಾಗಿತ್ತು. ಬ್ಯಾಂಕಿಗೇ ಹೋಗುವುದೆಂದು ಮನಸ್ಸು ಮಾಡಿದ್ದೆ.

ಅಷ್ಟರಲ್ಲಿ ರಾಮನವಮಿ ಬಂತು. ಆ ಬೇಸಿಗೆ ಊರಲ್ಲೆಲ್ಲ ವಾಂತಿಭೇದಿ. ಆಚಾರ್ಯರ ಬೀದಿಯ ಚಪ್ಪರದಲ್ಲಿ ಪಾನಕದ ಉಸ್ತುವಾರಿ ಅವರ ಹೆಂಡತಿಯ ಅಣ್ಣ ಶ್ರೀಪತಿರಾಯರದು. ರಾಯರ ಮಡಿಯೆಂದರೆ ಮಡಿ. ಬಾವಿಯ ನೀರನ್ನು ತಾವೇ ಸೇದಿದ್ದರು, ಬೆಲ್ಲವನ್ನು ತಾವೇ ಕುಟ್ಟಿದ್ದರು. ತಣ್ಣಗಿರಲಿ ಎಂದು ಹಾಕಿದ ಮಂಜುಗಡ್ಡೆ ಮಾತ್ರ ಗಾಡಿಯಲ್ಲಿ ಬಂದಿತ್ತು. ಅದು ಎಲ್ಲಿಯದೆಂದು ಕೇಳುವುದು ಅವರಿಗೆ ಹೊಳೆದಿರಲಿಲ್ಲ.

ನನ್ನನ್ನೂ ಜೊತೆಗೆ ಕರೆದುಕೊಂಡು ಹೋಗಿದ್ದ ಆಚಾರ್ಯರು ಗಡ್ಡೆ ಸುತ್ತಿದ್ದ ಗೋಣಿಯನ್ನೆತ್ತಿ ಮೂಸಿದರು. ಗಾಡಿಯವನನ್ನು ಮರೆಗೆ ಕರೆದು ತಮಿಳಿನಲ್ಲಿ ಏನೋ ವಿಚಾರಿಸಿ, ಬಾಯಿ ಬಿಡಬೇಡವೆಂದು ಅವನಿಗೆ ಕೈಮುಗಿದರು. ಆಮೇಲೆ ನನ್ನ ಕಿವಿಯಲ್ಲಿ, "ಮೀನಿಗೆ ಹಾಕೋ ಗಡ್ಡೆ ಕಣೋ" ಎಂದರು.

ಆ ಮಾತನ್ನು ಗಟ್ಟಿಯಾಗಿ ಅಂದಿದ್ದರೆ ಜನರೇ ಪಾನಕ ಚೆಲ್ಲುತ್ತಿದ್ದರು. ರಾಯರು ಮಾತ್ರ ಮತ್ತೆಂದೂ ನಾಲ್ಕು ಜನರ ಮುಂದೆ ತಲೆಯೆತ್ತುವಂತಿರಲಿಲ್ಲ.

"ಭಾವ, ನೀರು ಸರಿಯಿಲ್ಲ. ಎಲ್ಲಾ ಚೆಲ್ಲಿಸಿ."

"ನೈವೇದ್ಯ ಆಗಿದೆಯೋ! ದೇವರ ಪಾನಕ ಚೆಲ್ಲೋದಾ?"

"ರಾಮನಿಗೆ ವಾಂತಿಭೇದಿ ಆಗಲ್ಲ ಭಾವ. ಈ ಮಕ್ಕಳಿಗೆ ಆಗತ್ತೆ."

ಕೊಳಗಗಳನ್ನು ತಾವೇ ಬಗ್ಗಿಸಿದರು. ಬೀದಿಯವರು ಬಾಯಿಗೆ ಬಂದಂತೆ ಬೈದರು. ಇನ್ನು ನಿನಗೂ ನನಗೂ ಸಂಬಂಧವಿಲ್ಲ ಎಂದು ರಾಯರು ಎದ್ದು ಹೋದರು. ಆಚಾರ್ಯರು ಕೋಟು ಬಿಚ್ಚಿಟ್ಟು ನೀರು ಕುದಿಸಿದರು, ಮಣ್ಣಿನ ಕೊಡಗಳಲ್ಲಿ ಆರಿಸಿದರು, ಸಂಜೆಗೆ ಹೊಸ ಪಾನಕ ಮಾಡಿ ಹಂಚಿದರು.

ಹಿಂದಿರುಗುವಾಗ ಕೇಳಿದೆ: "ಮೀನು ಅಂತ ಒಂದು ಮಾತು ಹೇಳಿದ್ರೆ ನೀವು ಬೈಸಿಕೊಳ್ತಿರಲಿಲ್ಲ, ಸಾರ್."

"ಪಾನಕ ಚೆಲ್ಲೋದು ನನ್ನ ಕೆಲಸ. ಭಾವನ ಮಾನ ಕಳೆಯೋದು ನನ್ನ ಕೆಲಸ ಅಲ್ಲವಲ್ಲ. ಮಕ್ಕಳು ಕುಡಿದು ಮನೆಗೆ ಹೋದವು. ನಾಳೆ ಏನೂ ಆಗಲ್ಲ. ಏನೂ ಆಗದ ಹಾಗೆ ನೋಡ್ಕೊಳ್ಳೋದೇ ನಮ್ಮ ಉದ್ಯೋಗ, ತೆರಿಯುಮಾ? ಗೊತ್ತಾಯ್ತಾ?"

ನಾನು ಬ್ಯಾಂಕಿನ ಯೋಚನೆ ಬಿಟ್ಟೆ. ಅದೇ ಕೆಲಸದಲ್ಲಿ ನಿವೃತ್ತನಾದೆ; ಬೇಸರವೆನ್ನುವುದು ಹತ್ತಿರ ಸುಳಿಯಲಿಲ್ಲ. ಆ ನೆಮ್ಮದಿ ಅವರು ಕೊಟ್ಟದ್ದು.

ಅರವತ್ತರ ದಶಕದಲ್ಲಿ ಕೀಲ್ಪಾಕಿನ ಆಸ್ಪತ್ರೆಯಲ್ಲಿ ಅವರನ್ನು ಕೊನೆಯ ಸಲ ನೋಡಿದೆ. ರಾಯರು ಅಲ್ಲಿಗೂ ಬಂದಿರಲಿಲ್ಲ. "ಈಗಲಾದರೂ ಅವರಿಗೆ ಹೇಳಿಬಿಡ್ಲಾ ಸಾರ್?" ಎಂದೆ.

"ಚುಮ್ಮಾ ಇರು. ಈ ವಯಸ್ಸಲ್ಲಿ ಅವರಿಗೆ ಆ ಸಂಕಟ ಯಾಕೆ?"

ವೈಕುಂಠ ಸಮಾರಾಧನೆಗೆ ರಾಯರು ಬಂದರು. ಪಂಕ್ತಿಯಲ್ಲಿ ನನ್ನ ಪಕ್ಕದಲ್ಲೇ ಕೂತರು. ಉತ್ತರೀಯದಿಂದ ಕಣ್ಣೊರೆಸಿಕೊಂಡು, "ಒಳ್ಳೆಯವನೇ. ಆದ್ರೆ ಆವತ್ತು ದೇವರ ಪಾನಕ ಚೆಲ್ಲಿಸಿಬಿಟ್ಟನಲ್ಲ, ಅದೊಂದು ಮಾಡಬಾರದಿತ್ತು" ಎಂದರು.

ಮಾತು ನಾಲಿಗೆಯ ತುದಿಗೆ ಬಂದಿತ್ತು.

"ಹೌದು ರಾಯರೇ" ಎಂದೆ. ಬಡಿಸುವವನನ್ನು ಕರೆದು ಅವರ ಎಲೆಗೆ ಇನ್ನಷ್ಟು ಪಾಯಸ ಹಾಕಿಸಿದೆ.