ಸಭೆಯ ಹೊತ್ತು ಗೊತ್ತುಮಾಡುವವರು ಯಾರು: ಪ್ರೊ. ಜಗದಾಂಬಾ ಅವರ ಪ್ರಶ್ನೆ

ಮಹಿಳಾ ಸಬಲೀಕರಣವೆಂಬ ಮಾತು ಸರ್ಕಾರಿ ಫಲಕಗಳಲ್ಲೆಲ್ಲ ಕಾಣುವ ಈ ದಿನಗಳಲ್ಲಿ, ಆ ಫಲಕ ಬರೆಸಿದವರು ಯಾರನ್ನು ಕೇಳಿ ಬರೆಸಿದರು ಎಂದು ವಿಚಾರಿಸುತ್ತ ಬಂದವರು ಪ್ರೊ. ಜಗದಾಂಬಾ. ಭದ್ರಾವತಿಯ ಜನ್ನಾಪುರದಲ್ಲಿ ಕಾರ್ಖಾನೆಯ ಕಾರ್ಮಿಕರೊಬ್ಬರ ಮಗಳಾಗಿ ಹುಟ್ಟಿ, ಶಿವಮೊಗ್ಗದ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸಿ ಈಗ ನಿವೃತ್ತರಾಗುತ್ತಿರುವ ಅವರು, ನಮ್ಮಂಥ ಬಡದೇಶಗಳ ಸರ್ಕಾರಗಳು ಹೆಣ್ಣಿಗೆ ಕುರ್ಚಿ ಕೊಟ್ಟು ಅದರ ಕಟ್ಟಳೆ ಮಾಡುವ ಹಕ್ಕನ್ನು ತಮ್ಮಲ್ಲೇ ಇಟ್ಟುಕೊಳ್ಳುತ್ತವೆ ಎಂದು ತರಗತಿಯಲ್ಲಿ ವಾದಿಸುತ್ತಿದ್ದರು. ಹಾಸ್ಟೆಲ್ಲಿನ ಊಟ ತಪ್ಪಿದ ಹುಡುಗಿಯರಿಗೆ ತಮ್ಮ ಡಬ್ಬಿಯನ್ನೇ ಕೊಟ್ಟು, ಅವರು ಉಂಡ ಮೇಲೆಯೇ ಪಾಠ ಮುಂದುವರಿಸುತ್ತಿದ್ದರು.

ಆ ವಾದ ಅವರಿಗೇ ತಿರುಗಿ ಬಂದದ್ದು, ಶಿವಮೊಗ್ಗದಲ್ಲಿ ಪಂಚಾಯಿತಿಯ ಮಹಿಳಾ ಸದಸ್ಯರಿಗೆ ಏರ್ಪಡಿಸಿದ್ದ ತರಬೇತಿಯಲ್ಲಿ. ಭದ್ರಾವತಿ ಕಡೆಯ ಪಂಚಾಯಿತಿಯೊಂದರ ಅಧ್ಯಕ್ಷೆ ಸುವರ್ಣಮ್ಮನವರನ್ನು ಏನು ಕೇಳಿದರೂ ಹಿಂದಿನ ಸಾಲಿನಿಂದ ಪತಿ ಷಣ್ಮುಖಪ್ಪನವರೇ ಉತ್ತರಿಸುತ್ತಿದ್ದರು. ಜಗದಾಂಬಾ ಗಂಡಂದಿರನ್ನೆಲ್ಲ ವಿನಯದಿಂದಲೇ ಹೊರಗೆ ಕಳಿಸಿದರು. ಅಧಿಕಾರಿಗಳು ಚಪ್ಪಾಳೆ ತಟ್ಟಿ ಫೋಟೊ ತೆಗೆಸಿದರು. ಸಂಜೆ ಸುವರ್ಣಮ್ಮ ಬಾಗಿಲಲ್ಲೇ ಕಾದಿದ್ದರು.

“ಚೆನ್ನಾಗ್ ಓಡ್ಸಿದ್ರಿ ಮೇಡಂ. ಸಿಟ್ಟಲ್ಲಿ ಬೈಕ್ ತಗೊಂಡು ಹೊರಟೇಹೋದ್ರು. ಲಾಸ್ಟ್ ಬಸ್ಸೂ ಹೋಯ್ತು. ಈಗ ನನ್ನ ನೀವು ಹೊತ್ಕೊಂಡ್ ಹೋಗ್ತೀರಾ?”

ತಾವು ಕೂಡ ಆ ಹೆಂಗಸರನ್ನು ಕೇಳದೆಯೇ ತೀರ್ಮಾನಿಸಿದ್ದು ಜಗದಾಂಬಾರಿಗೆ ಆಗ ಹೊಳೆಯಿತು. ತಮ್ಮ ಕಾರಿನಲ್ಲೇ ಕರೆದೊಯ್ದರು. ದಾರಿಯಲ್ಲಿ, ನಾಡಿದ್ದಿನ ಪಂಚಾಯಿತಿ ಸಭೆಗೂ ಯಜಮಾನರೇ ಹೋಗುತ್ತಾರೆಂದು ಸುವರ್ಣಮ್ಮ ಹೇಳಿದರು.

“ನೀವ್ಯಾಕೆ ಹೋಗಲ್ಲ?”

“ಸಂಜೆ ಏಳಕ್ಕೆ ಇಡ್ತಾರೆ. ಆಗ ನಮ್ಮನೆ ಒಲೆ ಮುಂದೆ ನಿಮ್ಮ ಆಫೀಸರು ಬಂದು ಕೂರ್ತಾರಾ?”

“ಸಭೆ ಕರೆಯೋದು ಯಾರು?”

“ಅಧ್ಯಕ್ಷರು...” ಸುವರ್ಣಮ್ಮ ತಡೆದು ನಕ್ಕರು. “ಅಯ್ಯೋ, ನಾನೇ ಅಲ್ವಾ!”

ಆ ಸಭೆಯನ್ನು ಅವರು ಮುಂದೂಡಿ, ಬೆಳಗ್ಗೆ ಹನ್ನೊಂದಕ್ಕೆ ಕರೆದರು. ರೂಢಿಯಂತೆ ಷಣ್ಮುಖಪ್ಪ ಅಧ್ಯಕ್ಷರ ಕುರ್ಚಿಯಲ್ಲಿ ಕುಳಿತಿದ್ದರು. ಸುವರ್ಣಮ್ಮ ಹೋಗಿ ಎದುರು ನಿಂತರು.

“ಏಳ್ರೀ. ಸಾರ್ವಜನಿಕರು ಆ ಕಡೆ ಬೆಂಚಲ್ಲಿ.”

ಸಭೆಯೇ ನಕ್ಕಿತು. ಅವರು ಮುಖ ಊದಿಸಿಕೊಂಡೇ ಎದ್ದರು, ಎದ್ದದ್ದಂತೂ ನಿಜ.

ಜಗದಾಂಬಾ ತಮ್ಮ ತಪ್ಪನ್ನೂ ಸೇರಿಸಿ, ತರಬೇತಿ ಏರ್ಪಡಿಸಿದ್ದ ಇಲಾಖೆಗೆ ಬರೆದರು: ತರಬೇತಿ ಊರುಗಳಲ್ಲೇ, ಹೆಂಗಸರಿಗೆ ಬಿಡುವಾದ ಹೊತ್ತಿನಲ್ಲಿ ನಡೆಯಲಿ ಎಂದು. ಇಲಾಖೆ ಅವರನ್ನು ಮತ್ತೆ ಕರೆಯಲಿಲ್ಲ. ಅವರು ಭಾನುವಾರಗಳಂದು ತಾವಾಗಿಯೇ ಊರೂರಿಗೆ ಹೋಗತೊಡಗಿದರು.

ಜಗದಾಂಬಾ ಅವರ ನಿವೃತ್ತಿಗೆಂದು ತರುತ್ತಿರುವ ಈ ಅಭಿನಂದನ ಸಂಪುಟದ ಸುದ್ದಿ ತಿಳಿದು ಸುವರ್ಣಮ್ಮ ಫೋನಿನಲ್ಲಿ ಹೇಳಿದ್ದಿಷ್ಟು: “ಇನ್ಮೇಲೆ ಬಿಡುವಲ್ವಾ, ನಮ್ಮ ಗ್ರಾಮಸಭೆಗೆ ಬರ್ಲಿ. ಆದ್ರೆ ಮೇಡಂ ಆದ್ರೂ ಅಷ್ಟೇ, ಕೈ ಎತ್ತಿ ನನ್ನ ಕೇಳೇ ಮಾತಾಡ್ಬೇಕು.” ಹಾಗೆ ಕೈ ಎತ್ತಿ ಕೂರುವ ಆರೋಗ್ಯವೂ ಆಯುಷ್ಯವೂ ಅವರಿಗೆ ಬಹುಕಾಲ ಇರಲಿ.